ಕಡಕ್‌ನಾಥ್ ಮೊಟ್ಟೆ ತರಿಸೋ ಮುಂಚೆ ಇದನ್ನು ಓದಿ: ಕಾವು, ಮೇವು, ಲಸಿಕೆಯ ಪೂರ್ತಿ ಲೆಕ್ಕ

ಹೋದ ವಾರ ಹುಳಿಯಾರು ಕಡೆಯಿಂದ ಒಬ್ಬ ಹುಡುಗ ಫೋನ್ ಮಾಡಿದ್ದ. "ಅಣ್ಣ, ಇನ್‌ಸ್ಟಾಗ್ರಾಮ್‌ನಲ್ಲಿ ಕಡಕ್‌ನಾಥ್ ಮೊಟ್ಟೆ ಸಿಗ್ತಾ ಇದೆ. ಕೊರಿಯರ್‌ನಲ್ಲೇ ಕಳಿಸ್ತಾರಂತೆ. ನೂರು ಮೊಟ್ಟೆ ತರಿಸಿಬಿಡ್ಲಾ?" ಅಂದ. "ಮೊಟ್ಟೆ ಇಟ್ಟ ತಾಯಿಕೋಳಿಗಳಿಗೆ ಯಾವ ಪರೀಕ್ಷೆ ಮಾಡ್ಸಿದ್ದಾರೆ, ಕೇಳಿದ್ಯಾ?" ಅಂದೆ. ಆ ಕಡೆ ಸದ್ದಿಲ್ಲ.

ಅವನನ್ನು ಬೈಯೋ ಯೋಗ್ಯತೆ ನನಗಿಲ್ಲ. ತೋಟಗಾರಿಕೆ ಓದಿ ಊರಿಗೆ ಬಂದ ಹೊಸದರಲ್ಲಿ ನಾನೂ ಈ ಪ್ರಶ್ನೆ ಕೇಳದೇ ಮೊಟ್ಟೆ ತರಿಸಿದ್ದೆ. ಅದಕ್ಕೆ ತೆತ್ತ ಬೆಲೆ ಏನು ಅಂತ ಮುಂದೆ ಹೇಳ್ತೀನಿ. ಮೊದಲು ಕೋಳಿಯ ಪರಿಚಯ ಆಗಲಿ.

ಕಡಕ್‌ನಾಥ್ ಅಂದ್ರೆ ಯಾವುದು?

ಇದು ಮಧ್ಯಪ್ರದೇಶದ ಪಶ್ಚಿಮ ಮೂಲೆಯ ಝಾಬುವಾ, ಅಲಿರಾಜಪುರ, ಧಾರ್ ಜಿಲ್ಲೆಗಳ ತಳಿ. ಅಲ್ಲಿನ ಭಿಲ್, ಭಿಲಾಲಾ ಜನ ತಲೆತಲಾಂತರದಿಂದ ಸಾಕಿಕೊಂಡು ಬಂದ ಹಿತ್ತಲ ಕೋಳಿ. ಅಲ್ಲಿ ಇದನ್ನು ಕಾಲಿಮಾಸಿ ಅಂತಲೂ ಕರೀತಾರೆ. ಝಾಬುವಾದ ಕಡಕ್‌ನಾಥ್ ಮಾಂಸಕ್ಕೆ 2018ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಅದಾದ ಮೇಲೆ ದೇಶದ ತುಂಬ ಬೇಡಿಕೆ ಬಂತು, ಜೊತೆಗೆ ನಕಲಿಯೂ ಬಂತು.

ಗುರುತು ಹಿಡಿಯೋದು ಹೇಗೆ? ಪುಕ್ಕ ಕಪ್ಪಿದ್ದರೆ ಸಾಲದು. ಜುಟ್ಟು, ಗಲ್ಲದ ಕೆಳಗಿನ ಜೋಲು, ನಾಲಿಗೆ, ಚರ್ಮ, ಕಾಲು, ಉಗುರು ಎಲ್ಲವೂ ಕಪ್ಪು ಅಥವಾ ಕಡು ಬೂದು ಇರಬೇಕು. ಪೂರ್ತಿ ಕಪ್ಪು, ಕಪ್ಪಿನ ಮೇಲೆ ಬಿಳಿ ಗೆರೆಯ ಪೆನ್ಸಿಲ್ಡ್, ಕಪ್ಪಿನ ಮೇಲೆ ಬಂಗಾರದ ಗೆರೆಯ ಗೋಲ್ಡನ್ ಅಂತ ಮೂರು ಬಗೆ ಇವೆ. ಮೂರೂ ಅಸಲಿಯೇ. ಆದರೆ ಮೊಟ್ಟೆ ಮಾತ್ರ ಕಪ್ಪಲ್ಲ, ತಿಳಿ ಕಂದು ಅಥವಾ ಕೆನೆ ಬಣ್ಣ. "ಕಪ್ಪು ಮೊಟ್ಟೆ" ಅಂತ ಯಾರಾದರೂ ಫೋಟೋ ತೋರಿಸಿದರೆ ಅಲ್ಲಿಗೇ ಮಾತು ನಿಲ್ಲಿಸಿ.

ಬೆಳವಣಿಗೆ ನಿಧಾನ. ಆರು ತಿಂಗಳಿಗೆ ಒಂದು ಕೆಜಿ ದಾಟಿ ಒಂದೂವರೆ ಕೆಜಿ ಆಸುಪಾಸು ಬರುತ್ತೆ. ವರ್ಷಕ್ಕೆ ನೂರರ ಆಚೀಚೆ ಮೊಟ್ಟೆ. ಕಾವು ಕೂರುವ ಬುದ್ಧಿಯೂ ಇದಕ್ಕೆ ಕಡಿಮೆ. ಮಾಂಸದಲ್ಲಿ ಕೊಬ್ಬು ಕಡಿಮೆ, ಪ್ರೋಟೀನ್ ಹೆಚ್ಚು ಅನ್ನೋದು ಸರಿ. ಆದರೆ "ಶುಗರ್ ವಾಸಿ ಆಗುತ್ತೆ, ಹಾರ್ಟಿಗೆ ಔಷಧಿ" ಅಂತ ಹೇಳಿ ಮಾರಬೇಡಿ.

ಇನ್ನೊಂದು ಮಾತು. ಅಪರೂಪದ ತಳಿ ಅಂದ ತಕ್ಷಣ ಕಡಕ್‌ನಾಥೇ ಆಗಬೇಕಿಲ್ಲ. ನಮ್ಮ ಕೋಲಾರ ಮತ್ತು ಆಂಧ್ರದ ಗಡಿ ಸೀಮೆಯ ಘಾಗಸ್ ಕೂಡ ರಾಷ್ಟ್ರೀಯ ಮಟ್ಟದಲ್ಲಿ ನೋಂದಣಿಯಾದ ದೇಸಿ ತಳಿ. ನಮ್ಮ ಬಿಸಿಲಿಗೆ ಹುಟ್ಟಿ ಬೆಳೆದದ್ದು. ಕೆಳಗೆ ಹೇಳೋದೆಲ್ಲ ಅದಕ್ಕೂ ಹೊಂದುತ್ತೆ.

ನನ್ನ ಮೊದಲ ಅರವತ್ತು ಮೊಟ್ಟೆ

ಫೋನ್‌ನಲ್ಲಿ ನೋಡಿದ ಒಂದು ಫಾರಂನಿಂದ 60 ಮೊಟ್ಟೆ ತರಿಸಿದೆ. ನಾಲ್ಕು ದಾರಿಯಲ್ಲೇ ಒಡೆದಿದ್ದವು. ಉಳಿದ 56ನ್ನು ಇನ್‌ಕ್ಯುಬೇಟರ್‌ಗೆ ಇಟ್ಟೆ. ಏಳನೇ ದಿನ ಬೆಳಕಿಗೆ ಹಿಡಿದರೆ 15ರಲ್ಲಿ ಏನೂ ಇಲ್ಲ. ಹದಿನೆಂಟನೇ ದಿನ ಇನ್ನೂ 6 ಸತ್ತಿದ್ದವು. ಕೊನೆಗೆ 29 ಮರಿ ಹೊರಬಂದವು. ದೂರದಿಂದ ಬಂದ ಮೊಟ್ಟೆಗೆ ಇದು ಕೆಟ್ಟ ಫಲಿತಾಂಶ ಅಲ್ಲ ಅಂತ ಖುಷಿಪಟ್ಟೆ.

ನಾಲ್ಕನೇ ದಿನದಿಂದ ಮರಿಗಳು ಮುದುಡಿ ಕೂರೋಕೆ ಶುರು ಮಾಡಿದವು. ಹಿಂಭಾಗಕ್ಕೆ ಬಿಳಿ ಸುಣ್ಣದಂಥ ಹಿಕ್ಕೆ ಅಂಟಿಕೊಳ್ತಾ ಇತ್ತು. ಹತ್ತು ದಿನದಲ್ಲಿ 12 ಮರಿ ಹೋದವು. ತಾಲ್ಲೂಕು ಪಶು ಆಸ್ಪತ್ರೆಯ ಡಾಕ್ಟರ್ ಸತ್ತ ಮರಿ ಕೊಯ್ದು ನೋಡಿ, ಲ್ಯಾಬ್‌ಗೂ ಕಳಿಸಿದರು. ಪುಲ್ಲೋರಂ ಅಂತ ಬಂತು, ಅಂದರೆ ಬಿಳಿ ಭೇದಿ.

ಈ ರೋಗದ ಕೆಟ್ಟ ಗುಣ ಏನು ಗೊತ್ತಾ? ತಾಯಿಕೋಳಿಯಿಂದ ಮೊಟ್ಟೆಯ ಒಳಗೇ ಬರುತ್ತೆ. ಮೊಟ್ಟೆ ತೊಳೆದರೂ ಹೋಗಲ್ಲ, ಹೊಗೆ ಹಾಕಿದರೂ ಹೋಗಲ್ಲ. ಬದುಕಿ ಉಳಿದ ಮರಿ ನೋಡೋಕೆ ಗಟ್ಟಿಮುಟ್ಟಾಗಿ ಬೆಳೆಯುತ್ತೆ, ಆದರೆ ಜೀವನಪೂರ್ತಿ ರೋಗ ಹೊತ್ತುಕೊಂಡೇ ಇರುತ್ತೆ. ಆಮೇಲೆ ತನ್ನ ಮೊಟ್ಟೆಗೂ ದಾಟಿಸುತ್ತೆ.

ಉಳಿದದ್ದು 17 ಮರಿ. ಓಡಾಡ್ತಾ ಇದ್ದವು, ಚೆನ್ನಾಗಿ ತಿಂತಾ ಇದ್ದವು. ಅದೇ ಹಿತ್ತಲಲ್ಲಿ ಅಮ್ಮ ಮದುವೆಯಾಗಿ ಬಂದಾಗಿನಿಂದ ಕಾಪಾಡಿಕೊಂಡು ಬಂದ ನಾಟಿಕೋಳಿ ಸಂತತಿ ಇತ್ತು. ಡಾಕ್ಟರ್ ನೇರವಾಗಿ ಹೇಳಿದರು: "ಇವನ್ನ ಉಳಿಸಿಕೊಂಡ್ರೆ ಅವನ್ನೂ ಕಳ್ಕೋತೀರಿ." ಹದಿನೇಳನ್ನೂ ತೆಗೆಸಿ, ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿದೆವು. ಅಮ್ಮ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಇವತ್ತಿನ ಬರಹ ಇಷ್ಟು ಉದ್ದ ಆಗಿರೋದು ಆ ಹದಿನೇಳು ಮರಿಗಳಿಂದ.

ಮೊಟ್ಟೆ ತರಿಸೋ ಮುಂಚೆ ಕೇಳಬೇಕಾದ ಐದು ಪ್ರಶ್ನೆ

1. ತಾಯಿಕೋಳಿಗಳಿಗೆ ಪುಲ್ಲೋರಂ ರಕ್ತಪರೀಕ್ಷೆ ಆಗಿದೆಯಾ? ಒಂದು ಹನಿ ರಕ್ತಕ್ಕೆ ಬಣ್ಣದ ಆಂಟಿಜೆನ್ ಬೆರೆಸಿ ಸ್ಥಳದಲ್ಲೇ ನೋಡುವ ಸುಲಭ ಪರೀಕ್ಷೆ ಅದು. ಮೈಕೋಪ್ಲಾಸ್ಮಾ ಅನ್ನೋ ಉಸಿರಾಟದ ರೋಗವೂ ಮೊಟ್ಟೆಯ ಮೂಲಕ ಬರುತ್ತೆ, ಅದನ್ನೂ ಕೇಳಿ.

2. ಹುಂಜ ಎಷ್ಟು, ಹೇಂಟೆ ಎಷ್ಟು? ಎಂಟು-ಹತ್ತು ಹೇಂಟೆಗೆ ಒಂದು ಹುಂಜ ಇರಬೇಕು. ಕಡಿಮೆ ಇದ್ದರೆ ಗೊಡ್ಡು ಮೊಟ್ಟೆ ಜಾಸ್ತಿ.

3. ಅದೇ ಆವರಣದಲ್ಲಿ ಬೇರೆ ತಳಿಯ ಹುಂಜ ಇದೆಯಾ? ಹೇಂಟೆ ಒಮ್ಮೆ ಹುಂಜನ ಜೊತೆ ಸೇರಿದರೆ ಎರಡು-ಮೂರು ವಾರ ಫಲಿತ ಮೊಟ್ಟೆ ಇಡುತ್ತೆ. ಹಾಗಾಗಿ ಬೇರೆ ಹುಂಜನನ್ನು ದೂರ ಮಾಡಿ ಮೂರು ವಾರ ಕಳೆಯದೇ ಇಟ್ಟ ಮೊಟ್ಟೆ ಶುದ್ಧ ತಳಿ ಅಂತ ಹೇಳೋಕಾಗಲ್ಲ.

4. ಮೊಟ್ಟೆ ಇಟ್ಟು ಎಷ್ಟು ದಿನ ಆಯ್ತು? ತಂಪಲ್ಲಿ ಇಟ್ಟಿದ್ದರೂ ಏಳು ದಿನದ ಒಳಗೆ ಕಾವಿಗೆ ಹೋಗಬೇಕು. ಆಮೇಲೆ ದಿನ ಕಳೆದ ಹಾಗೆ ಮರಿ ಆಗೋದು ಕಡಿಮೆಯಾಗುತ್ತೆ.

5. ಆ ಜಿಲ್ಲೆಯಲ್ಲಿ ಈಗ ಹಕ್ಕಿಜ್ವರ ಇದೆಯಾ? 2021ರ ಜನವರಿಯಲ್ಲಿ ಕ್ರಿಕೆಟಿಗ ಧೋನಿ ಅವರಿಗೆ ಹೋಗಬೇಕಿದ್ದ 2,000 ಕಡಕ್‌ನಾಥ್ ಮರಿಗಳ ಆರ್ಡರ್ ನಿಂತುಹೋಗಿದ್ದು ಝಾಬುವಾದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿದ್ದರಿಂದಲೇ. ರೋಗ ದೃಢಪಟ್ಟರೆ ಒಂದು ಕಿಲೋಮೀಟರ್ ಸುತ್ತಳತೆಯ ಕೋಳಿಗಳನ್ನು ಕೊಲ್ತಾರೆ, ಹತ್ತು ಕಿಲೋಮೀಟರ್‌ವರೆಗೆ ನಿಗಾ ಇಡ್ತಾರೆ. ಅಂಥ ಕಡೆಯಿಂದ ಕದ್ದುಮುಚ್ಚಿ ತರಿಸಿದರೆ ನಿಮ್ಮೂರಿಗೇ ರೋಗ ತಂದ ಹಾಗೆ.

ಝಾಬುವಾ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕಡಕ್‌ನಾಥ್ ಹ್ಯಾಚರಿ ಇದೆ. ಹೈದರಾಬಾದ್‌ನ ರಾಜೇಂದ್ರನಗರದಲ್ಲಿರುವ ಕುಕ್ಕುಟ ಸಂಶೋಧನಾ ನಿರ್ದೇಶನಾಲಯ ಕಡಕ್‌ನಾಥ್, ಅಸೀಲ್, ಘಾಗಸ್, ನಿಕೋಬಾರಿ ತಳಿಗಳನ್ನು ಕಾಪಾಡ್ತಾ ಇದೆ. ನಮ್ಮ ಹೆಸರಘಟ್ಟದ ಕೇಂದ್ರೀಯ ಕುಕ್ಕುಟ ಅಭಿವೃದ್ಧಿ ಸಂಸ್ಥೆಯಲ್ಲಿ ತರಬೇತಿ ಕೊಡ್ತಾರೆ. ಮೊದಲು ಇಲ್ಲೆಲ್ಲ ವಿಚಾರಿಸಿ. ಕಾಯಬೇಕಾಗಬಹುದು, ಕಾಯಿರಿ.

ವಿದೇಶದಿಂದ ತರಿಸೋ ಆಸೆ ಇರೋರಿಗೂ ಒಂದು ಮಾತು. ಇಂಡೋನೇಷ್ಯಾದ ಆಯಾಮ್ ಸೆಮಾನಿ, ಅಲ್ಲಿ ಇಲ್ಲಿಯ ಬ್ರಹ್ಮ, ಸಿಲ್ಕಿ ಮೊಟ್ಟೆ "ಡೈರೆಕ್ಟ್ ಇಂಪೋರ್ಟ್" ಅಂತ ಮಾರೋರಿದ್ದಾರೆ. ಕಾನೂನು ಪ್ರಕಾರ ಅದಕ್ಕೆ ಕೇಂದ್ರ ಪಶುಸಂಗೋಪನಾ ಇಲಾಖೆಯ ಸ್ಯಾನಿಟರಿ ಇಂಪೋರ್ಟ್ ಪರ್ಮಿಟ್ ಮತ್ತು ಕಳಿಸೋ ದೇಶದ ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ ಬೇಕು. ಬಂದ ಮೇಲೆ ಕ್ವಾರಂಟೈನ್ ಅಧಿಕಾರಿಗಳ ತಪಾಸಣೆ ಇರುತ್ತೆ. ಸೂಟ್‌ಕೇಸಲ್ಲಿ ತರೋದು, ಪಾರ್ಸಲ್‌ನಲ್ಲಿ ತರಿಸೋದು ಅಪರಾಧ. ಪೇಪರ್ ತೋರಿಸದವರ ಹತ್ತಿರ ತಗೋಬೇಡಿ.

ಮೊಟ್ಟೆಯಾ, ಮರಿಯಾ? ಲೆಕ್ಕ ಹಾಕಿ

ಒಂದು ಮೊಟ್ಟೆಗೆ 40 ರೂಪಾಯಿ ಅಂದುಕೊಳ್ಳಿ. ನೂರಕ್ಕೆ 4,000, ಸಾಗಣೆ 800, ಒಟ್ಟು 4,800. ದೂರದ ಮೊಟ್ಟೆಯಲ್ಲಿ ಅರ್ಧ ಮರಿಯಾದರೆ 50. ಅದರಲ್ಲಿ ಐದು ಹೋದರೂ 45 ಉಳಿಯುತ್ತೆ. ಅಲ್ಲಿಗೆ ಒಂದು ಮರಿಗೆ ಹತ್ತಿರ ಹತ್ತಿರ 107 ರೂಪಾಯಿ, ಕರೆಂಟು ಮತ್ತು ನಿಮ್ಮ 21 ದಿನದ ಕೆಲಸ ಬಿಟ್ಟು. ನಂಬಿಕಸ್ತ ಹ್ಯಾಚರಿಯಲ್ಲಿ ಮೊದಲ ದಿನದ ಲಸಿಕೆ ಹಾಕಿದ ಮರಿ ಇದಕ್ಕಿಂತ ಕಡಿಮೆಗೆ ಸಿಕ್ಕಿದರೆ ಮರಿಯೇ ತಗೊಳ್ಳಿ. ಹತ್ತಿರದಲ್ಲಿ ಒಳ್ಳೆ ತಾಯಿಗುಂಪು ಇದ್ದು, ಕೈಯಲ್ಲಿ ಹಿಡಿದು ತರೋ ಹಾಗಿದ್ದರೆ ಮಾತ್ರ ಮೊಟ್ಟೆ ಲಾಭ. ಎರಡನೇ ಸಲ ನಾನೇ ರಾತ್ರಿ ರೈಲಿನಲ್ಲಿ ಹೋಗಿ 50 ಮೊಟ್ಟೆ ತೊಡೆ ಮೇಲೆ ಇಟ್ಟುಕೊಂಡು ಬಂದೆ. 36 ಮರಿ ಆದವು.

ದಾರಿಯಲ್ಲಿ ಮತ್ತು ಕಾವಿನಲ್ಲಿ

ಮೊಟ್ಟೆಯ ಚೂಪು ತುದಿ ಕೆಳಗೆ ಇರಬೇಕು. ಒಂದೊಂದನ್ನೂ ಬಬಲ್ ಶೀಟ್‌ನಲ್ಲಿ ಸುತ್ತಿ, ಟ್ರೇನಲ್ಲಿಟ್ಟು, ಸಂದಿಗೆ ಭತ್ತದ ಹೊಟ್ಟು ತುಂಬಿ. ಗುರುತು ಹಾಕೋಕೆ ಪೆನ್ಸಿಲ್ ಬಳಸಿ, ಮಾರ್ಕರ್ ಬೇಡ. ಮೊಟ್ಟೆ ತೊಳೆಯಬೇಡಿ, ತೊಳೆದರೆ ಚಿಪ್ಪಿನ ಮೇಲಿನ ರಕ್ಷಣೆಯ ಪೊರೆ ಹೋಗುತ್ತೆ.

ಏಪ್ರಿಲ್, ಮೇ ತಿಂಗಳಲ್ಲಿ ತರಿಸಬೇಡಿ. ಶಾಖ ಇಪ್ಪತ್ತೈದು ಡಿಗ್ರಿ ದಾಟಿ ಮೇಲೆ ಹೋದ ಹಾಗೆ ಒಳಗಿನ ಭ್ರೂಣ ಅರ್ಧಂಬರ್ಧ ಬೆಳೆಯೋಕೆ ಶುರು ಮಾಡುತ್ತೆ. ಆಮೇಲೆ ತಂಪಾದರೆ ಸಾಯುತ್ತೆ. ಬಿಸಿಲಲ್ಲಿ ನಿಂತ ಕೊರಿಯರ್ ವ್ಯಾನ್‌ನಲ್ಲಿ ಆಗೋದು ಇದೇ. ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆ ಕಾಲ.

ಮನೆಗೆ ಬಂದ ತಕ್ಷಣ ಕಾವಿಗೆ ಇಡಬೇಡಿ. ಕುಲುಕಾಟದಲ್ಲಿ ಒಳಗಿನ ಗಾಳಿಗುಳ್ಳೆ ಜಾಗ ಬಿಟ್ಟಿರುತ್ತೆ. ಚೂಪು ತುದಿ ಕೆಳಗೆ ಮಾಡಿ, ತಂಪು ಕೋಣೆಯಲ್ಲಿ 12ರಿಂದ 24 ಗಂಟೆ ಸುಮ್ಮನೆ ಬಿಡಿ.

ಇನ್‌ಕ್ಯುಬೇಟರ್ ಆದರೆ:
- ಫ್ಯಾನ್ ಇರುವ ಯಂತ್ರಕ್ಕೆ ಶಾಖ 37.5 ಡಿಗ್ರಿ ಸೆಲ್ಸಿಯಸ್.
- ತೇವಾಂಶ ಮೊದಲ 18 ದಿನ ಶೇಕಡಾ 55ರ ಆಸುಪಾಸು, ಕೊನೆಯ ಮೂರು ದಿನ 65ರಿಂದ 70.
- ದಿನಕ್ಕೆ ಮೂರು ಅಥವಾ ಐದು ಸಲ ತಿರುಗಿಸಿ. 18ನೇ ದಿನದಿಂದ ತಿರುಗಿಸೋದು ನಿಲ್ಲಿಸಿ. ಫೋನ್‌ನಲ್ಲಿ ಅಲಾರಂ ಇಟ್ಟುಕೊಳ್ಳಿ.
- 7ನೇ ದಿನ ಮತ್ತು 18ನೇ ದಿನ ಕತ್ತಲೆ ಕೋಣೆಯಲ್ಲಿ ಫೋನ್ ಟಾರ್ಚ್ ಮೇಲೆ ಮೊಟ್ಟೆ ಹಿಡಿದು ನೋಡಿ. ಜೇಡರ ಬಲೆಯಂಥ ಕೆಂಪು ನರ ಕಂಡರೆ ಜೀವ ಇದೆ. ಏನೂ ಕಾಣದಿದ್ದರೆ ಗೊಡ್ಡು. ಒಂದು ಕೆಂಪು ಉಂಗುರ ಮಾತ್ರ ಕಂಡರೆ ಒಳಗೆ ಸತ್ತಿದೆ. ಇವನ್ನು ತೆಗೆದುಬಿಡಿ, ಕೊಳೆತು ಸಿಡಿದರೆ ಉಳಿದವೂ ಹಾಳಾಗುತ್ತವೆ.
- ಮರಿ ಚಿಪ್ಪು ಒಡೆಯೋಕೆ ಶುರು ಮಾಡಿದಾಗ ಮುಚ್ಚಳ ತೆಗೆದು ತೆಗೆದು ನೋಡಬೇಡಿ. ತೇವ ಹೋಗಿ ಒಳಪೊರೆ ಮರಿಗೆ ಅಂಟಿಕೊಳ್ಳುತ್ತೆ.

ಹತ್ತು ಹನ್ನೆರಡು ಮೊಟ್ಟೆ ಸಾಕು ಅನ್ನೋರಿಗೆ ಯಂತ್ರ ಬೇಡ, ಕಾವಿಗೆ ಬಂದ ನಾಟಿ ಹೇಂಟೆ ಸಾಕು. ಅದರ ಮೈಯಲ್ಲಿ ಹೇನು ಇಲ್ಲ ಅಂತ ಮೊದಲು ನೋಡಿ, ಕತ್ತಲಾದ ಮೇಲೆ ಮೊಟ್ಟೆ ಇಡಿ. ನಾನು ಕರೆಂಟ್ ನಂಬದೇ ಅರ್ಧ ಯಂತ್ರಕ್ಕೆ, ಅರ್ಧ ಹೇಂಟೆಗೆ ಹಂಚ್ತೀನಿ.

ಮೊದಲ ನಾಲ್ಕು ವಾರ

ಮರಿ ಸಾಯೋದು ಹೆಚ್ಚಾಗಿ ಚಳಿಗೆ ಮತ್ತು ಒದ್ದೆಗೆ. ಮೊದಲ ವಾರ ಬ್ರೂಡರ್ ಕೆಳಗೆ 35 ಡಿಗ್ರಿ ಇರಲಿ, ಆಮೇಲೆ ವಾರಕ್ಕೆ ಮೂರು ಡಿಗ್ರಿ ಇಳಿಸುತ್ತಾ ಬನ್ನಿ. ಥರ್ಮಾಮೀಟರ್ ಇಲ್ಲದಿದ್ದರೆ ಮರಿಗಳನ್ನೇ ನೋಡಿ. ಬಲ್ಬ್ ಕೆಳಗೆ ಒಂದರ ಮೇಲೊಂದು ಬಿದ್ದರೆ ಚಳಿ. ದೂರ ಓಡಿ ಬಾಯಿ ತೆರೆದರೆ ಸೆಖೆ. ಹರಡಿಕೊಂಡು ಮಲಗಿದರೆ ಸರಿಯಾಗಿದೆ. ಗೂಡಿನ ಸುತ್ತ ತಗಡು ಅಥವಾ ರಟ್ಟು ದುಂಡಗೆ ಕಟ್ಟಿ. ಮೂಲೆ ಇದ್ದರೆ ಅಲ್ಲಿ ಗುಂಪಾಗಿ ಉಸಿರುಗಟ್ಟಿ ಸಾಯುತ್ತವೆ. ಭತ್ತದ ಹೊಟ್ಟು ಎರಡು ಇಂಚು ಹಾಕಿ, ಮೊದಲ ಮೂರು ದಿನ ಮೇಲೆ ಪೇಪರ್ ಹಾಸಿ. ಒದ್ದೆಯಾದ ಹೊಟ್ಟು ಅವತ್ತೇ ತೆಗೀರಿ.

ಮೇವು: ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು

ಮೊದಲ ಎಂಟು ವಾರ ಜಿಪುಣತನ ಬೇಡ. ಶೇಕಡಾ 20ರಷ್ಟು ಪ್ರೋಟೀನ್ ಇರೋ ಮರಿ ಆಹಾರ ಬೇಕು. ಅಂಗಡಿಯ ಸ್ಟಾರ್ಟರ್ ತಂದರೆ ಸುಲಭ. ಮನೆಯಲ್ಲೇ ಮಾಡೋದಾದರೆ ಹತ್ತು ಕೆಜಿಗೆ ಹೀಗೆ ಬೆರೆಸಿ: ಮುಸುಕಿನ ಜೋಳದ ನುಚ್ಚು ಐದೂವರೆ ಕೆಜಿ, ಸೋಯಾ ಹಿಂಡಿ 3 ಕೆಜಿ, ಅಕ್ಕಿ ತೌಡು 1 ಕೆಜಿ 200 ಗ್ರಾಂ, ಕೋಳಿಯ ಖನಿಜ ಮಿಶ್ರಣ 270 ಗ್ರಾಂ, ಉಪ್ಪು 30 ಗ್ರಾಂ, ಜೊತೆಗೆ ಪ್ಯಾಕೆಟ್ ಮೇಲೆ ಹೇಳಿದಷ್ಟು ವಿಟಮಿನ್. ಬರೀ ರಾಗಿ, ಅಕ್ಕಿನುಚ್ಚು ಹಾಕಿದರೆ ಮರಿ ಬದುಕುತ್ತೆ, ಬೆಳೆಯಲ್ಲ.

ಎಂಟು ವಾರ ಕಳೆದ ಮೇಲೆ ಹೊರಗೆ ಬಿಡಿ. ಉಳಿತಾಯ ಇಲ್ಲಿಂದ ಶುರು. ನಮ್ಮ ತೆಂಗಿನ ತೋಟದಲ್ಲಿ ಹುಳ, ಗೆದ್ದಲು, ಹುಲ್ಲಿನ ಬೀಜ ತಾವೇ ಹುಡುಕಿ ತಿನ್ನುತ್ತವೆ. ಜೊತೆಗೆ ಅಜೋಲ್ಲಾ, ನುಗ್ಗೆಸೊಪ್ಪು, ಅಗಸೆಸೊಪ್ಪು ಹಾಕಿ. ಆದರೂ ಸಂಜೆ ಗೂಡಿಗೆ ಬಂದಾಗ ಒಂದು ಕೋಳಿಗೆ 50ರಿಂದ 60 ಗ್ರಾಂ ಮಿಶ್ರಣ ಹಾಕಲೇಬೇಕು. ಅದೇ ಆಸೆಗೆ ಕತ್ತಲಾಗೋ ಮುಂಚೆ ತಾವೇ ಮನೆಗೆ ಬರೋದನ್ನು ಕಲಿಯುತ್ತವೆ. ಮೊಟ್ಟೆಗೆ ಬಂದ ಯಾಟೆಗಳಿಗೆ ಕಪ್ಪೆಚಿಪ್ಪಿನ ಪುಡಿ ಬೇರೆ ಬಟ್ಟಲಲ್ಲಿ ಇಡಿ, ಬೇಕಾದಷ್ಟು ತಿಂತವೆ. ಬೆಳೆಯೋ ಮರಿಗಳ ಮೇವಿಗೆ ಅದನ್ನು ಬೆರೆಸಬೇಡಿ.

ಬೂಸ್ಟು ಬಂದ ಜೋಳ, ಕಡಲೆಕಾಯಿ ಹಿಂಡಿ ಮಾತ್ರ ಯಾವ ಕಾರಣಕ್ಕೂ ಹಾಕಬೇಡಿ. ಅದರಲ್ಲಿರೋ ಅಫ್ಲಾಟಾಕ್ಸಿನ್ ವಿಷ ಈಲಿಗೆ ಹೊಡೆಯುತ್ತೆ, ಲಸಿಕೆ ಹಾಕಿದರೂ ಶಕ್ತಿ ಹುಟ್ಟಲ್ಲ. "ಕೋಳಿ ತಾನೇ, ತಿಂದ್ಕೊಳ್ಳುತ್ತೆ" ಅನ್ನೋ ಮಾತು ಬಿಡಿ.

ಲಸಿಕೆ ಪಟ್ಟಿ

ನಾನು ಸಾವಯವ ರೈತ. ಆದರೂ ಹೇಳ್ತೀನಿ, ಸಾವಯವ ಅಂದರೆ ಲಸಿಕೆ ಬೇಡ ಅಂತಲ್ಲ. ಅರಿಶಿನ, ಬೆಳ್ಳುಳ್ಳಿ ಹಾಕಿ, ತೊಂದರೆ ಇಲ್ಲ. ಆದರೆ ಕೊಕ್ಕರೆ ರೋಗ ಬಂದ ದಿನ ಅವು ಕೆಲಸಕ್ಕೆ ಬರಲ್ಲ. ಆ ರೋಗಕ್ಕೆ ಔಷಧಿಯೂ ಇಲ್ಲ.

- ಮೊದಲ ದಿನ: ಮಾರೆಕ್ಸ್ ಲಸಿಕೆ. ಇದನ್ನು ಸಾಮಾನ್ಯವಾಗಿ ಹ್ಯಾಚರಿಯಲ್ಲೇ ಹಾಕ್ತಾರೆ. ಮನೆಯಲ್ಲಿ ಮರಿ ಮಾಡಿಸೋರು ಇದನ್ನೇ ಮರೆಯೋದು.
- 5ರಿಂದ 7ನೇ ದಿನ: ಕೊಕ್ಕರೆ ರೋಗಕ್ಕೆ ಲಸೋಟ ಅಥವಾ ಎಫ್-1, ಕಣ್ಣಿಗೆ ಒಂದು ಹನಿ.
- 14ನೇ ದಿನ: ಗಂಬೋರೋ.
- 28ನೇ ದಿನದ ಸುಮಾರಿಗೆ: ಲಸೋಟ ಇನ್ನೊಂದು ಸಲ, ಕುಡಿಯುವ ನೀರಿನಲ್ಲಿ.
- 6ರಿಂದ 7ನೇ ವಾರ: ಸಿಡುಬು.
- 8ರಿಂದ 10ನೇ ವಾರ: ಕೊಕ್ಕರೆ ರೋಗಕ್ಕೆ ಆರ್‌2ಬಿ ಇಂಜೆಕ್ಷನ್.

ನಿಮ್ಮ ತಾಲ್ಲೂಕಿನ ಡಾಕ್ಟರ್ ಇದರಲ್ಲಿ ಒಂದೆರಡು ಬದಲಾಯಿಸಬಹುದು, ಅವರ ಮಾತು ಕೇಳಿ. ಲಸಿಕೆಯನ್ನು ಐಸ್ ತುಂಬಿದ ಫ್ಲಾಸ್ಕ್‌ನಲ್ಲೇ ತನ್ನಿ. ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಿ. ನೀರಲ್ಲಿ ಕೊಡೋದಾದರೆ ಕ್ಲೋರಿನ್ ಇಲ್ಲದ ನೀರು ಬಳಸಿ. ಬಾಟಲಿಯಲ್ಲಿ ನೂರಾರು ಡೋಸ್ ಇರುತ್ತೆ, ನಿಮ್ಮ ಹತ್ತಿರ 30 ಮರಿ ಇರುತ್ತೆ. ಊರಿನ ಹಿತ್ತಲಕೋಳಿಗಳಿಗೆಲ್ಲ ಅದೇ ದಿನ ಹಾಕಿಸಿ. ಪಕ್ಕದ ಮನೆ ಕೋಳಿಗೆ ರೋಗ ಬರದಿದ್ದರೆ ನಿಮ್ಮದಕ್ಕೂ ಬರೋದು ಕಷ್ಟ.

ಲಸಿಕೆ ಇಷ್ಟಾದರೆ, ದಿನದ ಅಭ್ಯಾಸ ಇನ್ನೊಂದಿಷ್ಟು ಇದೆ. ಮೂರರಿಂದ ಎಂಟು ವಾರದ ಮರಿ ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ಕಾಕ್ಸಿಡಿಯಾ. ಹೊಟ್ಟು ಬದಲಾಯಿಸಿ, ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಎರಡು ಮೂರು ತಿಂಗಳಿಗೊಮ್ಮೆ ಜಂತುಹುಳದ ಔಷಧಿ ಕೊಡಿ. ಹೊಸ ಕೋಳಿ ಯಾವುದೇ ಬಂದರೂ 30 ದಿನ ದೂರದ ಗೂಡಲ್ಲಿ ಇಡಿ. ಹಳೆ ಕೋಳಿಗಳ ಕೆಲಸ ಮುಗಿಸಿ ಆಮೇಲೆ ಹೊಸದರ ಹತ್ತಿರ ಹೋಗಿ, ತಿರುಗಾಮುರುಗಾ ಮಾಡಬೇಡಿ. ಸಂತೆಯಿಂದ ಬಂದ ಚಪ್ಪಲಿ ಗೂಡಿನ ಹೊರಗೇ ಇರಲಿ. ಒಂದೇ ಸಲ ತುಂಬ ಕೋಳಿ ಸತ್ತರೆ ಮುಟ್ಟಬೇಡಿ, ಮಾರಬೇಡಿ. ಹತ್ತಿರದ ಪಶು ಆಸ್ಪತ್ರೆಗೆ ಹೇಳಿ, ಇಲ್ಲವೇ 1962ಕ್ಕೆ ಫೋನ್ ಮಾಡಿ.

ಕೊನೆಗೆ ಮಾರಾಟ

"ಮರಿ ನಾವೇ ಕೊಡ್ತೀವಿ, ಮೊಟ್ಟೆ ನಾವೇ ಕೊಳ್ತೀವಿ, ವರ್ಷಕ್ಕೆ ದುಡ್ಡು ಇಷ್ಟು ಪಟ್ಟು" ಅನ್ನೋ ಸ್ಕೀಂಗಳಿಗೆ ಬೀಳಬೇಡಿ. 2019ರಲ್ಲಿ ಮಹಾರಾಷ್ಟ್ರದ ಸಾಂಗ್ಲಿ ಕಡೆ ಇದೇ ಕಡಕ್‌ನಾಥ್ ಹೆಸರಲ್ಲಿ ಸಾವಿರಾರು ರೈತರು ಹಣ ಕಳೆದುಕೊಂಡರು. ಮೊದಲು 20 ಕೋಳಿ ಸಾಕಿ. ನಿಮ್ಮ ತಾಲ್ಲೂಕಿನಲ್ಲೇ ಕೊಳ್ಳೋ ಹತ್ತು ಮನೆ ಹುಡುಕಿ. ಆಮೇಲೆ ಹೆಚ್ಚಿಸಿ. ವರ್ಷಕ್ಕೊಮ್ಮೆ ಬೇರೆ ಗುಂಪಿನ ಹುಂಜ ತಂದು ಬದಲಾಯಿಸಿ, ಇಲ್ಲದಿದ್ದರೆ ಒಳಸಂಬಂಧದಲ್ಲೇ ತಳಿ ಸೊರಗುತ್ತೆ. ಆ ಹುಂಜಕ್ಕೂ ರಕ್ತಪರೀಕ್ಷೆ ಆಗಬೇಕು, ಮರೀಬೇಡಿ.

ನಮ್ಮ ಹಿತ್ತಲಲ್ಲಿ ಈಗ ಎರಡು ಗೂಡಿದೆ, ನಡುವೆ ತೆಂಗಿನ ತೋಟ. ಒಂದರಲ್ಲಿ ಕಡಕ್‌ನಾಥ್, ಇನ್ನೊಂದರಲ್ಲಿ ಅಮ್ಮನ ನಾಟಿಕೋಳಿ. ಅಮ್ಮ ಈಗಲೂ ಹೊಸ ಮರಿ ಬಂದರೆ ಮೊದಲು ಕೇಳೋದು ಒಂದೇ: "ಡಾಕ್ಟ್ರು ನೋಡಿದ್ರೇನೋ?"

ಹುಳಿಯಾರಿನ ಆ ಹುಡುಗ ಮೊನ್ನೆ ಮತ್ತೆ ಫೋನ್ ಮಾಡಿದ್ದ. ಮಾರೋನು ಪರೀಕ್ಷೆ ವಿಷಯ ಕೇಳಿದ ಮೇಲೆ ಫೋನೇ ಎತ್ತುತ್ತಿಲ್ಲವಂತೆ. ನೂರು ಮೊಟ್ಟೆಯ ದುಡ್ಡು ಉಳೀತು ಅಂದೆ.